ಅಣ್ಣನ ಎದೆಗೆ ನಾನು ಹಾಕಿದ ಕಟ್ಟು

"ಉಸಿರು ಬಿಡು," ಅಂದೆ.

ಅಣ್ಣ ಬಿಟ್ಟ.

"ಪೂರ್ತಿ ಬಿಡು. ಒಳಗೆ ಏನೂ ಇಟ್ಕಬೇಡ."

ಹಲ್ಲು ಕಚ್ಚಿಕೊಂಡು ಪೂರ್ತಿ ಬಿಟ್ಟ. ಎದೆ ಇಳಿಯಿತು. ಆಗ ನಾನು ಹಳೆ ಸೀರೆಯ ತುದಿಯನ್ನು ಎರಡು ಕೈಯಲ್ಲೂ ಹಿಡಿದು, ನೋವಿಲ್ಲದ ಬಲಪಕ್ಕೆಗೆ ಮಂಡಿ ಕೊಟ್ಟು ಎಳೆದೆ. ಇದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದೆ. ಅತ್ತಿಗೆ ಪಕ್ಕದಲ್ಲಿ ಪಾತ್ರೆ ಹಿಡಿದು ನಿಂತಿದ್ದರು. ಅದರಲ್ಲಿ ಮೊಟ್ಟೆಯ ಬಿಳಿಗೆ ಉದ್ದಿನ ಹಿಟ್ಟು ಹಾಕಿ ಕದಡಿದ ಅಂಟು ಇತ್ತು. ಒಂದು ಸುತ್ತು ಸೀರೆ, ಮೇಲೆ ಒಂದು ಪದರ ಅಂಟು. ಮತ್ತೆ ಸೀರೆ, ಮತ್ತೆ ಅಂಟು.

"ಇನ್ನೂ ಬಿಗಿ ಬೇಕಾ?" ಅತ್ತಿಗೆ ಕೇಳಿದರು.

"ಬಿಗಿ ಇಲ್ದೆ ಕಟ್ಟಿ ಏನು ಬಂತು ಅತ್ತಿಗೆ?"

"ಲೇ, ನಾನೇನು ಕಾಫಿ ಮೂಟೇನಾ?" ಅಂದ ಅಣ್ಣ. "ಇನ್ನೇನು, ಬಾಯಿಗೂ ಒಂದು ಹೊಲಿಗೆ ಹಾಕ್ಬುಟ್ಟು ಲಾರಿಗೆ ಎತ್ತಾಕು."

ಅತ್ತಿಗೆ ನಕ್ಕರು. ನಾನೂ ನಕ್ಕೆ. ಅಣ್ಣ ನಗಲಿಲ್ಲ, ನಕ್ಕರೆ ಅವನಿಗೆ ನೋಯುತ್ತಿತ್ತು. ಎಡಗಡೆ ಮೂರು ಬಿದಿರಿನ ದಬ್ಬೆ ಇಟ್ಟು, ಮೇಲೆ ಇನ್ನೂ ನಾಲ್ಕು ಸುತ್ತು ಸುತ್ತಿದೆ. ಕಂಕುಳಿನಿಂದ ಹಿಡಿದು ಹೊಕ್ಕುಳಿನ ಮೇಲಿನವರೆಗೆ ಒಂದೇ ಕಟ್ಟು. ಕೊನೆಯ ಗಂಟು ಹಾಕಿ ಕೇಳಿದೆ.

"ಹೆಂಗೈತೆ?"

ಅಣ್ಣ ಸ್ವಲ್ಪ ಹೊರಳಿ ನೋಡಿದ. ಮುಖ ಸಡಿಲವಾಯಿತು. "ಹಾಯಾಗೈತೆ ಕಣೋ. ನೋವು ಅರ್ಧಕ್ಕರ್ಧ ಹೋಗ್ಬುಡ್ತು. ಆ ಡಾಕ್ಟ್ರಿಗಿಂತ ನೀನೇ ವಾಸಿ."

ಖುಷಿಯಾಯಿತು ನನಗೆ. ಸುಳ್ಳು ಯಾಕೆ ಬರೆಯಲಿ.

ಅಣ್ಣ ಬಿದ್ದದ್ದು ಅದರ ಹಿಂದಿನ ದಿನ. ನಾವಿಬ್ಬರೂ ಯಸಳೂರಿನ ಸುತ್ತಮುತ್ತಲ ಎಸ್ಟೇಟ್‌ಗಳಲ್ಲಿ ಮೆಣಸು ಕೊಯ್ಯುವವರು. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಗೆ ಒಂಟಿ ಬಿದಿರಿನ ಏಣಿ ಇಟ್ಟು ಹತ್ತಬೇಕು. ಬಿದಿರಿನ ಗಣ್ಣಿನ ಕೊಂಬೆಗಳನ್ನು ಗೇಣುದ್ದ ಬಿಟ್ಟು ಕಡಿದಿರುತ್ತಾರೆ, ಅದರ ಮೇಲೆ ಕಾಲಿಡಬೇಕು. ಮೇಲೆ ಹತ್ತುವುದು ಯಾವಾಗಲೂ ಅಣ್ಣ. ಕೆಳಗೆ ಹಿಡಿಯುವುದು ನಾನು. ಅವತ್ತು ಕೈಗೆ ಸಿಗದ ಒಂದು ಗೊಂಚಲಿಗೆ ಬಾಗಿದ. ಕಾಲಡಿಯ ಕೊಂಬೆ ಮುರಿಯಿತು. ಎರಡಾಳು ಎತ್ತರದಿಂದ ಬಿದ್ದು, ಕಡಿದು ಬಿಟ್ಟಿದ್ದ ಒಂದು ಕಾಫಿ ಬೊಡ್ಡೆಗೆ ಎಡಪಕ್ಕೆ ಹೊಡೆಯಿತು.

ಏಣಿ ಬಿಟ್ಟು ಅವನ ಹತ್ತಿರ ಓಡಿದೆ. ಅವನೇ ಎದ್ದು ಕೂತ. ಉಗಿದು ನೋಡಿದ, ರಕ್ತ ಇರಲಿಲ್ಲ.

"ಮೆಣಸು ಚೆಲ್ಬುಡ್ತಾ?" ಅಂತ ಕೇಳಿದ. ಬಿದ್ದ ಮೇಲೆ ಅವನು ಆಡಿದ ಮೊದಲ ಮಾತು ಅದು.

ಎಸ್ಟೇಟಿನ ಪಿಕಪ್‌ನಲ್ಲಿ ಸಕಲೇಶಪುರಕ್ಕೆ ಕರೆದುಕೊಂಡು ಹೋದೆವು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಎಡಗಡೆ ಮೂರು ಪಕ್ಕೆಲುಬು ಮುರಿದಿವೆ, ಜಾಗ ಬಿಟ್ಟಿಲ್ಲ, ಒಳಗೆ ಚುಚ್ಚಿಲ್ಲ, ನಿಮ್ಮ ಪುಣ್ಯ ಅಂದರು ಡಾಕ್ಟರು. ನೋವಿಗೆ ಇಂಜೆಕ್ಷನ್ ಕೊಟ್ಟು ಮಾತ್ರೆ ಬರೆದರು. ಮೂರು ದಿನ ಬಿಟ್ಟು ಬನ್ನಿ ಅಂದರು. ಆಮೇಲೆ ಒಬ್ಬರು ಸಿಸ್ಟರ್ ಬಂದು ಅಣ್ಣನ ಕೈಗೆ ಒಂದು ದಿಂಬು ಕೊಟ್ಟರು.

"ನೋಡಿ, ಇದನ್ನ ನೋವಿರೋ ಕಡೆ ಅಪ್ಕೊಳ್ಳಿ. ಅಪ್ಕೊಂಡು ಜೋರಾಗಿ ಉಸಿರೆಳೀಬೇಕು. ಆಮೇಲೆ ಕೆಮ್ಮಬೇಕು. ಎಚ್ಚರ ಇರೋವಾಗ ಗಂಟೆಗೆ ಹತ್ತು ಸಲ. ನೋಯುತ್ತೆ, ಆದ್ರೂ ಮಾಡ್ಬೇಕು. ಬೀಡಿ ಸೇದ್ತೀರಾ?"

"ಸ್ವಲ್ಪ," ಅಂದ ಅಣ್ಣ.

"ಆ ಸ್ವಲ್ಪಾನೂ ಬಿಡಿ."

ನಾನು ಕೇಳಿದೆ: "ಪಟ್ಟಿ ಕಟ್ಟೋದು ಯಾವಾಗ ಸಿಸ್ಟರ್?"

"ಯಾವ ಪಟ್ಟಿ?"

"ಮೂಳೆ ಮುರಿದೈತಲ್ಲ."

"ಪಕ್ಕೆಗೆ ಕಟ್ಟಲ್ಲಪ್ಪ. ಅದು ತಾನಾಗೇ ಕೂಡ್ಕೊಳುತ್ತೆ. ಇವ್ರು ಚೆನ್ನಾಗಿ ಉಸಿರಾಡಿದ್ರೆ ಸಾಕು."

ಅವರಿಗೆ ಬೇರೆಯವರು ಕಾಯುತ್ತಿದ್ದರು, ಹೋದರು. ನನಗೆ ಸಿಟ್ಟು ಬಂತು. ಮೂರು ಮೂಳೆ ಮುರಿದವನಿಗೆ ಒಂದು ಗೇಣು ಬಟ್ಟೆ ಕಟ್ಟದೆ, ಕೈಗೆ ದಿಂಬು ಕೊಟ್ಟು ಕೆಮ್ಮು ಅಂತ ಕಳಿಸುತ್ತಾರಲ್ಲ. ವಾಪಸ್ ಬರುವಾಗ ರಸ್ತೆಯ ಒಂದೊಂದು ಗುಂಡಿಗೂ ಅಣ್ಣ ನನ್ನ ತೊಡೆಯನ್ನು ಹಿಂಡಿ ಹಿಡಿಯುತ್ತಿದ್ದ.

"ಕೆಮ್ಮಬೇಕಂತೆ," ಅಂದೆ.

"ಅವಳಪ್ಪನ್ನ ಕರ್ಕೊಂಬಂದು ಕೆಮ್ಮಿಸ್ಲಿ," ಅಂದ.

ಮಾರನೇ ದಿನ ಬೆಳಿಗ್ಗೆ ಬೈಕ್ ತೆಗೆದುಕೊಂಡು ಪಾಳ್ಯದ ಕಡೆಗೆ ಹೋದೆ. ಅಲ್ಲಿ ಮೂಳೆ ಕಟ್ಟುವ ಒಬ್ಬ ಅಜ್ಜ ಇದ್ದಾರೆ. ಮನುಷ್ಯರಿಗೂ ಕಟ್ಟುತ್ತಾರೆ, ದನಕ್ಕೂ ಕಟ್ಟುತ್ತಾರೆ. ನಾನು ಐದನೇ ಕ್ಲಾಸಿನಲ್ಲಿ ಸೀಬೆ ಮರದಿಂದ ಬಿದ್ದು ಕೈ ಮುರಿದುಕೊಂಡಾಗ ಕಟ್ಟಿದ್ದು ಅವರೇ. ಮೊಟ್ಟೆ, ಉದ್ದಿನ ಹಿಟ್ಟು, ದಬ್ಬೆ, ಬಟ್ಟೆ. ಅಂಟು ಒಣಗಿದರೆ ಹಲಗೆಯ ಹಾಗೆ ಆಗುತ್ತದೆ. ಅವತ್ತು ಅಳುವುದನ್ನು ಬಿಟ್ಟು ಅವರ ಕೈಯನ್ನೇ ನೋಡುತ್ತಿದ್ದೆ. "ಮೂಳೆ ಅಲ್ಲಾಡ್ಬಾರ್ದು ಕಣಪ್ಪ. ಅಲ್ಲಾಡಿದ್ರೆ ಕೂಡಲ್ಲ," ಅಂದಿದ್ದರು. ಅದೊಂದು ಮಾತು ನನ್ನ ತಲೆಯಲ್ಲಿ ಕೂತಿತ್ತು. ಮೂರು ವಾರಕ್ಕೆ ಬಿಚ್ಚಿದಾಗ ಕೈ ನೆಟ್ಟಗಿತ್ತು. ಈಗಲೂ ನೆಟ್ಟಗಿದೆ.

ಅಜ್ಜ ಮನೆಯಲ್ಲಿ ಇರಲಿಲ್ಲ. ಆಲೂರಿನಲ್ಲಿ ಮಗಳ ಮನೆಗೆ ಹೋಗಿದ್ದಾರೆ, ಬರುವುದು ಎರಡು ದಿನ ಆಗುತ್ತದೆ ಅಂತ ಅವರ ಹೆಂಡತಿ ಹೇಳಿದರು.

"ಕಾಲಾ, ಕೈಯಾ?" ಅಂತ ಕೇಳಿದರು.

"ಎದೆ ಅಜ್ಜಿ. ಪಕ್ಕೆ ಮೂಳೆ."

"ಎದೇನಾ? ತಡಿ ತಡಿ. ಮಗಳ ಫೋನ್ ನಂಬ್ರ ಗೋಡೆ ಮೇಲೆ ಬರ್ದೈತೆ. ಅವ್ರನ್ನೇ ಒಂದು ಮಾತು ಕೇಳ್ಕ."

"ಬೇಡ ಬಿಡಿ ಅಜ್ಜಿ," ಅಂತ ಬೈಕ್ ತಿರುಗಿಸಿದೆ. ಬಾಗಿಲಿನಿಂದ ಗೋಡೆಗೆ ಎಷ್ಟು ದೂರ? ನಾಲ್ಕು ಹೆಜ್ಜೆ. ನನಗೆ ಕಾಯುವುದು ಆಗುವುದಿಲ್ಲ. ಹುಟ್ಟಿದಾಗಿನಿಂದ ಹಾಗೇ. ಅಜ್ಜ ಮಾಡುವುದನ್ನು ಪೂರ್ತಿ ನೋಡಿದ್ದೇನೆ, ಹೋದ ವರ್ಷ ನಮ್ಮ ಕರುವಿನ ಕಾಲಿಗೆ ನಾನೇ ಕಟ್ಟಿದ್ದೇನೆ, ಕರು ಓಡಾಡುತ್ತಿದೆ, ಇದೇನು ಮಹಾ ಅಂದುಕೊಂಡೆ. ದಾರಿಯಲ್ಲಿ ಅಂಗಡಿಗೆ ನಿಲ್ಲಿಸಿ ಮೊಟ್ಟೆ ತಗೊಂಡೆ.

ಎದೆಗೂಡು ಹೇಗಿರುತ್ತದೆ ಅನ್ನುವುದೂ ನನಗೆ ಗೊತ್ತು ಅಂದುಕೊಂಡಿದ್ದೆ. ಹಬ್ಬಕ್ಕೆ ಹಂದಿ ಕೊಯ್ದಾಗ ಪಕ್ಕೆ ಬಿಡಿಸುವುದು ನನ್ನ ಕೆಲಸ. ಹಿಂದೆ ಎಲ್ಲ ಎಲುಬೂ ಬೆನ್ನುಮೂಳೆಗೆ ಗಟ್ಟಿಯಾಗಿ ಸೇರಿರುತ್ತವೆ, ಅಲ್ಲಿ ಮಚ್ಚು ಬೇಕು. ಮುಂದೆ ಬರುತ್ತಾ ಮೆತ್ತಗಾಗುತ್ತವೆ, ಬಿಳಿ ಎಲುಬು, ಅಲ್ಲಿ ಚಾಕುವೇ ಸಾಕು. ಕೊನೆಯವು ಮುಂದಕ್ಕೆ ಬರುವುದೇ ಇಲ್ಲ, ಅರ್ಧಕ್ಕೆ ನಿಲ್ಲುತ್ತವೆ. ಅಷ್ಟು ಹಂದಿ ಬಿಡಿಸಿದ್ದೇನೆ, ಆದರೆ ಎಲ್ಲವೂ ಸತ್ತ ಹಂದಿಗಳು. ಅವು ಉಸಿರಾಡುತ್ತಿರಲಿಲ್ಲ. ಇದು ನನಗೆ ಹೊಳೆದದ್ದು ತುಂಬ ತಡವಾಗಿ.

ಕಟ್ಟಿದ ಮೇಲೆ ಎರಡು ದಿನ ಅಣ್ಣ ಚೆನ್ನಾಗಿದ್ದ. ಗೋಡೆಗೆ ಒರಗಿ ಕೂತು ರೊಟ್ಟಿ ತಿಂದ. ಅಂಗಳಕ್ಕೆ ಬಂದು ಬಿಸಿಲು ಕಾಯಿಸಿಕೊಂಡ. ನೋಡಲು ಬಂದವರೆಲ್ಲ ಕಟ್ಟನ್ನು ಮುಟ್ಟಿ ನೋಡಿ, ಒಳ್ಳೆ ಕೆಲಸ ಮಾಡಿದ್ದೀಯ ಅಂದರು. ಅಂಟು ಒಣಗಿ ಕಲ್ಲಾಗಿತ್ತು. ಅಣ್ಣ ಬಂದವರ ಮುಂದೆ ಬೆರಳಿನಿಂದ ಎದೆಗೆ ಟಕ್ ಟಕ್ ಅಂತ ಹೊಡೆದು "ಯಾರದು ಒಳಗೆ?" ಅಂತ ಕೇಳಿ, ತಾನೇ "ನಾನು ಕಣಪ್ಪ, ಬಾಗ್ಲು ತೆಗಿ," ಅನ್ನುತ್ತಿದ್ದ. ಸಿಸ್ಟರ್ ಕೊಟ್ಟ ದಿಂಬನ್ನು ತಲೆಯಡಿಗೆ ಹಾಕಿಕೊಂಡಿದ್ದ.

ಮೂರನೇ ದಿನ ಮೈ ಬೆಚ್ಚಗಾಯಿತು. ಮಾತ್ರೆ ಕೊಟ್ಟೆ. ಮಾತಾಡುವಾಗ ನಡುವೆ ನಿಲ್ಲಿಸಿ ನಿಲ್ಲಿಸಿ ಆಡುತ್ತಿದ್ದ. ಕೆಮ್ಮು ಬಂದರೆ ತಡೆದುಕೊಳ್ಳುತ್ತಿದ್ದ, ಗಂಟಲಲ್ಲೇ "ಹ್ಹ, ಹ್ಹ" ಅಂತ ಎರಡು ಸದ್ದು ಬಂದು ನಿಲ್ಲುತ್ತಿತ್ತು. ಅತ್ತಿಗೆ ಕಾಫಿ ಕೊಡಲು ಬಂದವರು ಲೋಟ ಹಿಡಿದುಕೊಂಡೇ ಅವನನ್ನು ನೋಡುತ್ತಾ ನಿಂತರು. ಆಮೇಲೆ ನನ್ನನ್ನು ಹೊರಗೆ ಕರೆದರು.

"ಹೊಟ್ಟೆ ಮಾತ್ರ ಆಡ್ತೈತೆ ನೋಡು. ಎದೆ ಆಡ್ತಾನೇ ಇಲ್ಲ."

"ಆಡ್ಬಾರ್ದು ಅಂತ್ಲೇ ಅಲ್ವಾ ಕಟ್ಟಿರೋದು?"

"ಆಸ್ಪತ್ರೇಲಿ ಮೂರು ದಿನಕ್ಕೆ ಬಾ ಅಂದಿದ್ರಲ್ಲ."

"ಹೋದ್ರೆ ಮೊದ್ಲು ಕಟ್ಟು ಕಿತ್ತಾಕ್ತಾರೆ ಅತ್ತಿಗೆ. ಆಮೇಲೆ ಯಾರು ಕಟ್ತಾರೆ?"

ಅತ್ತಿಗೆ ನನಗಿಂತ ಹೆಚ್ಚು ಓದಿದವರು, ಹತ್ತನೇ ಕ್ಲಾಸ್ ಪಾಸು. ಆದರೂ ಸುಮ್ಮನಾದರು. ನಾನು ಅಷ್ಟು ಗಟ್ಟಿಯಾಗಿ ಹೇಳಿದ್ದೆ.

ನಾಲ್ಕನೇ ದಿನ ಅಣ್ಣ ನನ್ನನ್ನು ಹತ್ತಿರ ಕರೆದ.

"ಒಂದು ಸುತ್ತು... ಬಿಚ್ಚೋ."

"ಮೂರು ವಾರ ಬಿಚ್ಚಂಗಿಲ್ಲ."

"ಒಂದೇ ಸುತ್ತು ಕಣೋ ಮಾರಾಯ."

"ಒಂದು ಸುತ್ತು ಅಂತೀಯ, ಆಮೇಲೆ ಇನ್ನೊಂದು ಅಂತೀಯ. ಮಕ್ಕಳ ತರ ಆಡ್ಬೇಡ ಅಣ್ಣ. ಮೂಳೆ ಸೊಟ್ಟ ಕೂಡಿದ್ರೆ ಮತ್ತೆ ಏಣಿ ಹತ್ತಂಗಿಲ್ಲ ನೀನು."

ಏಣಿ ಅಂದಿದ್ದಕ್ಕೆ ಸುಮ್ಮನಾದ. ಮಧ್ಯಾಹ್ನ ಇನ್ನೊಂದು ಸಲ ಕೇಳಿದ. ಸಂಜೆ ದನ ಕಟ್ಟಿ ಒಳಗೆ ಬಂದಾಗ ಮತ್ತೊಂದು ಸಲ. ಮೂರು ಸಲವೂ ಇಲ್ಲ ಅಂದೆ. ಅವನ ಕೈಯಲ್ಲಿ ಬಿಚ್ಚಲು ಆಗುತ್ತಿರಲಿಲ್ಲ. ಗಂಟು ಬೆನ್ನಿಗಿತ್ತು, ಅದರ ಮೇಲೂ ಅಂಟು ಮೆತ್ತಿದ್ದೆ.

ಐದನೇ ದಿನ ಬೆಳಿಗ್ಗೆ ಅವನ ತುಟಿ ನೀಲಿಯಾಗಿತ್ತು. ಮೈ ಸುಡುತ್ತಿತ್ತು. ಒಂದು ಪದ ಆಡಲು ಎರಡು ಸಲ ಉಸಿರು ಬೇಕಾಗಿತ್ತು. ಪಕ್ಕದ ಮನೆಯವರ ಓಮ್ನಿಯಲ್ಲಿ ಮಲಗಿಸಿಕೊಂಡು ಅತ್ತಿಗೆ, ನಾನು ಸಕಲೇಶಪುರಕ್ಕೆ ಓಡಿದೆವು. ಅದೇ ಆಸ್ಪತ್ರೆ. ಅದೇ ಸಿಸ್ಟರ್. ಅಂಗಿ ಎತ್ತಿ ಕಟ್ಟನ್ನು ನೋಡಿದರು. ಮುಖಕ್ಕೆ ಆಕ್ಸಿಜನ್ ಹಾಕಿ ಕತ್ತರಿ ತಂದರು. ಕತ್ತರಿ ಹೋಗಲಿಲ್ಲ. ಅಂಟಿಗೆ ನೀರು ಹಾಕಿ ನೆನೆಸುತ್ತಾ ಅವರು ಕತ್ತರಿಸಿದರು, ನಾನು ದಬ್ಬೆ ಎಳೆದು ಕಿತ್ತೆ. ಕಟ್ಟುವಾಗ ಸೀರೆ ಎಳೆದಿದ್ದ ಅದೇ ಕೈ. ಕೊನೆಯ ಪದರ ಬಂದಾಗ ಅವನ ಚರ್ಮದ ಮೇಲೆ ಸೀರೆಯ ಅಂಚಿನ ಗೆರೆ ಅಚ್ಚೊತ್ತಿತ್ತು.

"ನಾನು ಹೇಳಿರ್ಲಿಲ್ವಾ?" ಅಂದರು ಸಿಸ್ಟರ್. ಒಂದೇ ಸಲ. ಆಮೇಲೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎದೆಯ ಕಟ್ಟು ಪೂರ್ತಿ ಬಿಚ್ಚಿದೆವು, ಆದರೆ ಉಸಿರು ಒಳಗೆ ಹೋಗಲಿಲ್ಲ. ಒಳಗೆ ಕಫ ತುಂಬಿ ನ್ಯುಮೋನಿಯಾ ಆಗಿದೆ, ಹಾಸನಕ್ಕೆ ಕರೆದುಕೊಂಡು ಹೋಗಿ ಅಂದರು. ಆಂಬ್ಯುಲೆನ್ಸ್ ಬಾಳ್ಳುಪೇಟೆಯಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡಿತು. ಸೈರನ್ ಕೂಗುತ್ತಲೇ ಇತ್ತು, ಬಸ್ಸಿನಿಂದ ಜನ ಬಗ್ಗಿ ನೋಡುತ್ತಿದ್ದರು. ಅಣ್ಣ ಮುಖದ ಮಾಸ್ಕ್ ಸರಿಸಿ ನನ್ನ ಕಡೆ ನೋಡಿದ.

"ಏಣಿ... ಒಳಗಿಟ್ಟಿದ್ದೀಯಾ?"

"ಇಟ್ಟಿದೀನಿ ಅಣ್ಣ."

ಇಟ್ಟಿರಲಿಲ್ಲ. ಅವನು ಬಿದ್ದ ಮರದಡಿಯೇ ಬಿದ್ದಿತ್ತು. ಅದಾದ ಮೇಲೆ ಅವನು ಮಾತಾಡಲಿಲ್ಲ. ಹಾಸನದಲ್ಲಿ ಗಂಟಲಿಗೆ ಪೈಪ್ ಹಾಕಿ ಮೆಷಿನ್‌ಗೆ ಸೇರಿಸಿದರು.

ಅಲ್ಲಿ ಒಬ್ಬರು ಲೇಡಿ ಡಾಕ್ಟರ್ ಇದ್ದರು. ಎರಡನೇ ದಿನ ಅವರು ವಾರ್ಡಿನಿಂದ ಹೊರಗೆ ಬಂದಾಗ ಅಡ್ಡ ನಿಂತೆ.

"ಮೇಡಂ, ಒಂದು ಹೇಳಿ. ಕಾಲು ಮುರಿದ್ರೆ ಕಟ್ತೀರ. ಕೈ ಮುರಿದ್ರೆ ಕಟ್ತೀರ. ಎದೆಗೆ ಕಟ್ಟಿದ್ರೆ ಯಾಕೆ ಹಿಂಗಾಗುತ್ತೆ? ನನಗೆ ತಿಳಿಯೋ ಹಂಗೆ ಹೇಳಿ."

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಆ ಕಡೆ ಈ ಕಡೆ ನೋಡಿದರು. ನೆಲ ಒರೆಸುವವರು ಬಿಟ್ಟು ಹೋಗಿದ್ದ ಖಾಲಿ ಬಕೆಟ್ ಒಂದು ಗೋಡೆ ಪಕ್ಕ ಇತ್ತು. ಅದನ್ನು ಕಾಲಿನಿಂದ ಹತ್ತಿರಕ್ಕೆ ಎಳೆದರು.

"ಇದರ ಹಿಡಿ ನೋಡಿ. ಈಗ ಪಕ್ಕಕ್ಕೆ ಜೋತು ಬಿದ್ದಿದೆ ಅಲ್ವಾ? ಪಕ್ಕೆಲುಬು ಹೀಗೇ ಇರೋದು. ಹಿಂದೆ ಬೆನ್ನಿಗೆ ಒಂದು ತುದಿ, ಮುಂದೆ ಎದೆ ನಡುವಿನ ಮೂಳೆಗೆ ಒಂದು ತುದಿ, ನಡುವೆ ಕೆಳಗೆ ಬಾಗಿರುತ್ತೆ." ಬಗ್ಗಿ ಹಿಡಿಯನ್ನು ಮೇಲಕ್ಕೆ ಎತ್ತಿದರು. "ಉಸಿರು ಎಳೆದಾಗ ಹೀಗೆ ಏಳುತ್ತೆ. ಎದ್ದಾಗ ಹೊರಕ್ಕೆ ಹೋಗುತ್ತೆ. ಒಳಗೆ ಜಾಗ ಆಗುತ್ತೆ. ಜಾಗ ಆದ್ರೇನೇ ಗಾಳಿ ಬರೋದು. ಶ್ವಾಸಕೋಶಕ್ಕೆ ತಾನಾಗಿ ಹಿಗ್ಗೋ ಶಕ್ತಿ ಇಲ್ಲ. ಪಕ್ಕೆಲುಬು, ಅದರ ಕೆಳಗಿನ ವಪೆ ಅನ್ನೋ ಮಾಂಸದ ಪರದೆ, ಇವು ಎಳೆದ್ರೆ ಅದು ಹಿಗ್ಗುತ್ತೆ."

"ಎಲ್ಲಾ ಪಕ್ಕೇನೂ ಏಳ್ತಾವಾ?"

"ಹನ್ನೆರಡು ಜೊತೆ ಇವೆ. ಮೇಲಿನ ಏಳು ಜೊತೆ ನೇರವಾಗಿ ಮುಂದಿನ ಮೂಳೆಗೆ ಸೇರ್ತವೆ. ಆಮೇಲಿನ ಮೂರು ಅದನ್ನ ಮುಟ್ಟಲ್ಲ, ತಮ್ಮ ಮೇಲಿರೋದಕ್ಕೆ ಅಂಟ್ಕೊಂಡಿರ್ತವೆ. ಕೊನೇ ಎರಡು ಮುಂದೆ ಯಾವುದಕ್ಕೂ ಸೇರಲ್ಲ. ಮುಂದೆ ಮೆತ್ತಗಿನ ಎಲುಬು ಇರೋದೇ ಬಾಗ್ಲಿ, ಏಳ್ಲಿ ಅಂತ. ಗಟ್ಟಿ ಪೆಟ್ಟಿಗೆ ಆಗಿದ್ರೆ ಹೃದಯಕ್ಕೆ ಕಾವಲು ಆಗ್ತಿತ್ತು, ಆದ್ರೆ ನಾವು ಬದುಕ್ತಿರ್ಲಿಲ್ಲ. ಕಾಲಿನ ಮೂಳೆಗೆ ವಿಶ್ರಾಂತಿ ಕೊಡಬಹುದು. ಇದಕ್ಕೆ ಕೊಡಕ್ಕಾಗಲ್ಲ."

ಹಂದಿಯ ಮೆತ್ತಗಿನ ಎಲುಬು ನೆನಪಾಯಿತು. ಎಷ್ಟು ಸಲ ಚಾಕು ಆಡಿಸಿದ್ದೆ. ಅದು ಯಾಕೆ ಮೆತ್ತಗಿದೆ ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ.

"ನಾನು ಉಸಿರು ಪೂರ್ತಿ ಬಿಡ್ಸಿ ಕಟ್ಟಿದೆ ಮೇಡಂ," ಅಂದೆ.

ಅವರು ಹಿಡಿಯನ್ನು ಕೈಬಿಟ್ಟರು. ಅದು ಬಕೆಟ್ಟಿಗೆ ಹೊಡೆದು ಸದ್ದಾಯಿತು. ಆಮೇಲೆ, "ಕಟ್ಟದೇ ಇದ್ರೂ ಕೆಲವರಿಗೆ ಹೀಗಾಗುತ್ತೆ. ಮೂರು ಮೂಳೆ ಮುರಿದಿತ್ತು. ಬೀಡಿ ಬೇರೆ ಸೇದ್ತಿದ್ರು. ನಿಮ್ಮಿಂದಲೇ ಆಯ್ತು ಅಂತ ನಾನು ಹೇಳಲ್ಲ," ಅಂದರು. ನಿಮ್ಮಿಂದ ಆಗಲಿಲ್ಲ ಅಂತಲೂ ಹೇಳಲಿಲ್ಲ.

ಒಳಗೆ ಬಿಟ್ಟಾಗ ಅಣ್ಣನ ಹತ್ತಿರ ನಿಲ್ಲುತ್ತಿದ್ದೆ. ಮೆಷಿನ್ ಗಾಳಿ ಒತ್ತಿದಾಗಲೆಲ್ಲ ಅವನ ಎದೆ ಏಳುತ್ತಿತ್ತು. ಹಿಡಿ ಎತ್ತಿದ ಹಾಗೆ ಏಳುತ್ತಿತ್ತು, ಇಳಿಯುತ್ತಿತ್ತು. ನಾನು ಆಗಬಾರದು ಅಂತ ತಡೆದದ್ದನ್ನು ಅದು ಬಿಡದೆ ಮಾಡುತ್ತಿತ್ತು. ಹೊರಗೆ ಬೆಂಚಿನ ಮೇಲೆ ಕೂತಾಗ ನನ್ನ ಕೈಯನ್ನು ನನ್ನ ಪಕ್ಕೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆ. ಅದು ಏಳುತ್ತಿತ್ತು. ಇಪ್ಪತ್ತೈದು ವರ್ಷದಿಂದ ಏಳುತ್ತಾ ಇತ್ತು, ನನಗೆ ಗೊತ್ತಿರಲಿಲ್ಲ.

ಹಾಸನಕ್ಕೆ ಬಂದ ಏಳನೇ ದಿನ ಮಧ್ಯಾಹ್ನ ಹೋಗಿಬಿಟ್ಟ. ಮೆಷಿನ್ ತೆಗೆದಾಗ ನಾನು ಅಲ್ಲೇ ಇದ್ದೆ. ಎದೆ ಇಳಿಯಿತು. ಕಟ್ಟುವ ಮೊದಲು ನಾನು ಬಿಡು ಅಂದಾಗ ಎಷ್ಟು ಇಳಿದಿತ್ತೋ ಅಷ್ಟೇ ಇಳಿದು ನಿಂತಿತು.

ತಿಥಿ ಮುಗಿದ ಮೇಲೆ ಪಾಳ್ಯದ ಅಜ್ಜನ ಹತ್ತಿರ ಹೋದೆ. ಯಾಕೆ ಹೋದೆ ಅಂತ ಸರಿಯಾಗಿ ಗೊತ್ತಿಲ್ಲ. ಅವರಾದರೂ ನೀನು ಮಾಡಿದ್ದು ಸರಿ ಅಂತ ಹೇಳಲಿ ಅಂತ ಇರಬೇಕು. ಜಗುಲಿಯಲ್ಲಿ ಕೂತು ದಬ್ಬೆ ಸೀಳುತ್ತಿದ್ದರು. ನಾನು ಎಲ್ಲಾ ಹೇಳಿದೆ. ಮಚ್ಚು ಪಕ್ಕಕ್ಕಿಟ್ಟು ಕೇಳಿದರು.

"ಎದೆಗೆ ಕಟ್ಟಿದ್ಯಾ?"

"ಹೂಂ ಅಜ್ಜ. ನೀವು ನನ್ನ ಕೈಗೆ ಕಟ್ಟಿದ್ರಲ್ಲ, ಹಂಗೇ."

"ಎದೆಗೆ ನಾನು ಯಾವತ್ತೂ ಕಟ್ಟಿಲ್ಲ ಕಣಪ್ಪ. ನಮ್ಮಪ್ಪನೂ ಕಟ್ಟಿಲ್ಲ. ದನಕ್ಕೂ ಕಟ್ಟಲ್ಲ ನಾವು. ಪಕ್ಕೆ ಮೂಳೆ ಮುರಿದೋರು ಬಂದ್ರೆ ಎಣ್ಣೆ ಕೊಟ್ಟು ಕಳಿಸ್ಬುಡ್ತೀನಿ." ಮಚ್ಚನ್ನು ಮತ್ತೆ ಕೈಗೆ ತಗೊಂಡು, "ಒಂದು ಫೋನ್ ಮಾಡ್ಬಾರ್ದಿತ್ತಾ?" ಅಂದರು.

ಒಳಗಿನಿಂದ ಅಜ್ಜಿ ನನ್ನನ್ನು ನೋಡಿದರು. ಗೋಡೆಯ ಮೇಲೆ ನಂಬರ್ ಇದ್ದಿಲಿನಲ್ಲಿ ಬರೆದಿತ್ತು, ದೊಡ್ಡ ದೊಡ್ಡ ಅಂಕಿ. ಬಾಗಿಲಿನಿಂದಲೇ ಕಾಣುತ್ತಿತ್ತು.

ಏಣಿಯನ್ನು ಎಸ್ಟೇಟಿನಿಂದ ತಂದು ಕೊಟ್ಟಿಗೆಯ ಒಳಗೆ ಇಟ್ಟೆ. ಮುರಿದ ಕೊಂಬೆಯ ಜಾಗಕ್ಕೆ ಹಗ್ಗ ಸುತ್ತಿದ್ದೇನೆ. ಈ ವರ್ಷ ಮೆಣಸಿಗೆ ನಾನೇ ಹತ್ತುತ್ತಿದ್ದೇನೆ. ಅತ್ತಿಗೆ ಕೆಳಗೆ ಹಿಡಿಯುತ್ತಾರೆ. ಬೇರೆ ಆಳು ಕರೆಯೋಣ ಅಂದೆ, ಬೇಡ ಅಂದರು.

ಅವರು ನನ್ನನ್ನು ಬೈಯಲಿ ಅಂತ ಇಷ್ಟು ದಿನ ಕಾಯುತ್ತಿದ್ದೆ. ತವರಿನವರು ಬಂದು ಕೇಳಿದಾಗಲೂ, "ನ್ಯುಮೋನಿಯಾ ಆಗಿತ್ತು," ಅಂತ ಅಷ್ಟೇ ಹೇಳಿದ್ದರು. ಮೊನ್ನೆ ಮರದಿಂದ ಇಳಿದು ಬುತ್ತಿ ಬಿಚ್ಚಿ ಕೂತಿದ್ದಾಗ ನಾನೇ ಮಾತು ತೆಗೆದೆ.

"ಅತ್ತಿಗೆ, ಅವನು ಮೂರು ಸಲ ಬಿಚ್ಚು ಅಂದ. ನಾನು ಬಿಚ್ಚಲಿಲ್ಲ."

ಅತ್ತಿಗೆ ಅನ್ನ ಕಲಸುತ್ತಿದ್ದವರು ನಿಲ್ಲಿಸಿದರು. ತಲೆ ಎತ್ತಲಿಲ್ಲ.

"ನನ್ನ ಹತ್ರಾನೂ ಒಂದು ಸಲ ಅಂದಿದ್ರು ಕಣೋ. ನೀನು ಹಾಲು ಹಾಕಕ್ಕೆ ಹೋಗಿದ್ದಾಗ. ಕತ್ತರಿ ಕೈಗೆ ತಗೊಂಡಿದ್ದೆ. ನೀನು ಬಂದು ಬೈತೀಯ ಅಂತ ಒಳಗಿಟ್ಬುಟ್ಟೆ."

ಊಟ ಮಾಡಿ ಎದ್ದೆವು. ಅವರು ಏಣಿ ಹಿಡಿದರು, ನಾನು ಹತ್ತಿದೆ.

ಅಷ್ಟೇ. ನನ್ನ ಹತ್ತಿರ ಇನ್ನೇನೂ ಇಲ್ಲ ಹೇಳಲು.